ನಿದ್ದೆಯಲ್ಲಿ ಅರ್ಧ ಪಾಲು

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬುದು ಹಿರಿಯರ ಮಾತು. ಗಾದೆಗಳ ಸ್ವಭಾವವೇ ಹೀಗೆ; ಅರ್ಧವನ್ನು ತಾವು ಹೇಳಿ, ಉಳಿದರ್ಧವನ್ನು ಕೇಳುವವನ ಬುದ್ಧಿಗೆ ಬಿಟ್ಟುಬಿಡುತ್ತವೆ. ಚಿಂತೆಯುಳ್ಳವನನ್ನು ಎಚ್ಚರವಾಗಿರಿಸಲು ಸಂತೆಯೇ ಬೇಕೆಂದಿಲ್ಲ. ನಮ್ಮ ಹೂಲಿಯಂಥ ಊರಿನ ನಡುರಾತ್ರಿಯ ನೀರವತೆಯೂ ಅವನನ್ನು ಮಲಗಿಸಲಾರದು. ಮನೆಯೊಳಗೆ ಕ್ಯಾನ್ಸರ್ ಎಂಬ ಹೆಸರು ಕಾಲಿಟ್ಟೊಡನೆ ಮೊದಲು ಮನೆ ಬಿಟ್ಟು ಹೊರಡುವುದು ನಿದ್ದೆ. ಅದು ಒಬ್ಬರದಲ್ಲ, ಇಬ್ಬರದು.

ಹೂಲಿಯ ಪಂಚಲಿಂಗೇಶ್ವರ ಗುಡಿಯ ಕಂಬಗಳು ಶತಮಾನಗಳಿಂದ ರೆಪ್ಪೆ ಮುಚ್ಚದೆ ನಿಂತಿವೆ. ಕಲ್ಲಿಗೆ ಅದು ಸಾಧ್ಯ, ಮನುಷ್ಯನಿಗಲ್ಲ. ಈ ಭಾಗದ ರೋಗಿಗಳನ್ನು ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ, ಬೆಳಗಾವಿಗೋ, 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಕಿದ್ವಾಯಿ ಸಂಸ್ಥೆಗೋ ಕರೆದೊಯ್ಯುವುದುಂಟು. ಹಗಲೆಲ್ಲ ಬಸ್ಸು, ಚೀಟಿ, ಸರತಿಯ ಸಾಲು. ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆ. ಹಗಲಿಗೆ ವೈದ್ಯರಿದ್ದಾರೆ, ದಾದಿಯರಿದ್ದಾರೆ. ರಾತ್ರಿಗೆ ಇರುವವರು ಗಂಡ ಹೆಂಡತಿ ಇಬ್ಬರೇ.

ನನಗೆ ಪರಿಚಯವಿರುವ ರೈತ ದಂಪತಿಗಳೊಬ್ಬರ ಮಾತು ಕೇಳಿ. ಗಂಡನಿಗೆ ಗಂಟಲಿನ ಕ್ಯಾನ್ಸರ್. ಅವರು ಮಂಚದ ಮೇಲೆ, ಆಕೆ ಕೆಳಗೆ ಚಾಪೆಯ ಮೇಲೆ. “ನಿದ್ದಿ ಹತ್ತಿತೇನ?” ಎಂದು ಅವರು ಮೆಲ್ಲಗೆ ಕೇಳುವರು. “ಹತ್ತಿತ್ರೀ, ನೀವು ಮಲಗ್ರಿ” ಎಂದು ಆಕೆ ಉತ್ತರಿಸುವರು! ನಿದ್ದೆ ಹತ್ತಿದವರು ಹಾಗೆ ಉತ್ತರ ಕೊಡುವುದುಂಟೆ? ಆಕೆಗೆ ಎಚ್ಚರವಾದೀತೆಂದು ಅವರು ನೋವನ್ನು ನುಂಗಿ ಮಗ್ಗುಲು ಬದಲಿಸುತ್ತಿರಲಿಲ್ಲ. ಅವರಿಗೆ ದುಃಖವಾದೀತೆಂದು ಆಕೆ ಉಸಿರನ್ನು ನಿಧಾನಗೊಳಿಸಿ ಮಲಗಿದಂತೆ ನಟಿಸುತ್ತಿದ್ದರು. ಪ್ರೀತಿಯಿಂದ ಹುಟ್ಟಿದ ಈ ನಾಟಕಕ್ಕೆ ಪ್ರೇಕ್ಷಕರೂ ಇಲ್ಲ, ಮಂಗಳವೂ ಇಲ್ಲ. ಇಬ್ಬರೂ ಸೊರಗಿದ್ದಷ್ಟೇ ಅದರ ಫಲ.

ಈ ಅನಿದ್ರೆಗೆ ಬರಿಯ ಚಿಂತೆಯೇ ಕಾರಣವೆಂದು ತಿಳಿಯಬಾರದು. ಕೀಮೋ ಚಿಕಿತ್ಸೆಯೊಡನೆ ವಾಕರಿಕೆ ತಡೆಯಲು ಕೊಡುವ ಡೆಕ್ಸಮೆಥಸೋನಿನಂಥ ಸ್ಟೀರಾಯ್ಡ್ ಔಷಧಗಳು ನಿದ್ದೆಯನ್ನು ಓಡಿಸಬಲ್ಲವು. ಸಾಧ್ಯವಿದ್ದರೆ ಅದನ್ನು ಬೆಳಿಗ್ಗೆಯೇ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬೇಕು. ಹಾರ್ಮೋನು ಚಿಕಿತ್ಸೆಯಿಂದ ಮೈ ಬಿಸಿಯೇರಿ ಬೆವರುವುದುಂಟು. ಎಲ್ಲಕ್ಕಿಂತ ಮಿಗಿಲಾದುದು ನೋವು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿನ ಶಮನದ ಬಗ್ಗೆ ಪ್ರಕಟಿಸಿದ ಕೈಪಿಡಿಯಲ್ಲಿ ಗುರಿಗಳನ್ನು ಸಾಲಾಗಿ ಹೇಳಿತು. ಅವುಗಳಲ್ಲಿ ಮೊದಲನೆಯದು, ರೋಗಿಗೆ ನೋವಿಲ್ಲದ ನಿದ್ದೆಯ ಹೊತ್ತನ್ನು ಹೆಚ್ಚಿಸುವುದು. ವಿಶ್ರಾಂತಿಯಲ್ಲಿರುವಾಗಿನ ನೋವು, ನಡೆದಾಡುವಾಗಿನ ನೋವು ಇವೆಲ್ಲ ಆಮೇಲೆ. ನೋವು ಬಂದ ಮೇಲಲ್ಲ, ಗಡಿಯಾರ ನೋಡಿ ಹೊತ್ತುಹೊತ್ತಿಗೆ ಔಷಧ ಕೊಡಬೇಕೆಂಬುದೂ ಅದರ ಸೂತ್ರ. ಮಾರ್ಫಿನ್ ದೊರೆಯುವುದನ್ನು ಸುಗಮಗೊಳಿಸಲು ನಮ್ಮ ದೇಶದ ಕಾಯಿದೆಯನ್ನು 2014ರಲ್ಲಿ ತಿದ್ದಲಾಗಿದೆ. ಹೀಗಿರುವಾಗ ‘ಈ ರೋಗವೆಂದ ಮೇಲೆ ನೋವು ಇದ್ದದ್ದೇ’ ಎಂದು ಹಲ್ಲು ಕಚ್ಚಿ ಮಲಗುವುದು ಧೈರ್ಯವಲ್ಲ. ಕೇಳಿ ಪಡೆಯಬಹುದಾದುದನ್ನು ಬಿಟ್ಟುಕೊಟ್ಟಂತೆ.

ಇನ್ನೊಂದು ವಿಚಿತ್ರವುಂಟು. ಚಿಕಿತ್ಸೆ ಮುಗಿದು ತಿಂಗಳುಗಳು ಕಳೆದರೂ ನಿದ್ದೆ ಮರಳದಿರಬಹುದು. ಆರ್ಥರ್ ಸ್ಪೀಲ್ಮನ್ ಎಂಬ ವಿದ್ವಾಂಸರು 1987ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು: ಅನಿದ್ರೆಯನ್ನು ಆರಂಭಿಸುವ ಕಾರಣ ಬೇರೆ, ಅದನ್ನು ಮುಂದುವರಿಸುವ ಕಾರಣ ಬೇರೆ. ರಾತ್ರಿಯ ನಷ್ಟವನ್ನು ತುಂಬಿಕೊಳ್ಳಲು ಹಗಲಿಡೀ ಒರಗುವುದು, ನಿದ್ದೆ ಬಾರದಿದ್ದರೂ ಎಂಟಕ್ಕೇ ಹಾಸಿಗೆ ಸೇರುವುದು, ಗಂಟೆಗಟ್ಟಲೆ ಗಡಿಯಾರ ನೋಡುವುದು ಇವೇ ರೂಢಿಯಾಗಿ, ಹಾಸಿಗೆಯೆಂದರೆ ಎಚ್ಚರದ ಜಾಗವೆಂದು ಮನಸ್ಸು ಕಲಿತುಬಿಡುತ್ತದೆ. ಕಲಿತುದನ್ನು ಮರೆಸುವುದೂ ಸಾಧ್ಯ. ರಿಚರ್ಡ್ ಬೂಟ್ಜಿನ್ ಎಂಬವರು 1972ರಲ್ಲಿಯೇ ಅಂಥದೊಂದು ದಾರಿ ತೋರಿಸಿದ್ದರು. ಅದನ್ನೂ ಒಳಗೊಂಡ ಮನೋವರ್ತನೆಯ ಚಿಕಿತ್ಸಾಕ್ರಮವನ್ನೇ, ದೀರ್ಘಕಾಲದ ಅನಿದ್ರೆಗೆ ಗುಳಿಗೆಗಿಂತ ಮೊದಲು ಪ್ರಯೋಗಿಸಬೇಕೆಂದು ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲಿ ಸಲಹೆಯಿತ್ತಿತು.

ಅದರ ಸಾರಾಂಶಕ್ಕೆ ದುಡ್ಡು ಬೇಕಿಲ್ಲ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ. ಎದ್ದವರು ಕಟ್ಟೆಯ ಮೇಲೆ ಎಳೆಬಿಸಿಲಿನಲ್ಲಿ ಕೂರಲಿ. ಶಕ್ತಿಯಿದ್ದರೆ ಓಣಿಯಲ್ಲಿ ನಾಲ್ಕು ಹೆಜ್ಜೆ ನಡೆಯಲಿ. ಹಗಲು ನಿದ್ದೆ ಅರ್ಧ ಗಂಟೆ ಮೀರದಿರಲಿ, ಮೂರು ಗಂಟೆಯೊಳಗೆ ಮುಗಿಯಲಿ. ಮಧ್ಯಾಹ್ನದ ಮೇಲೆ ಚಹಾ ಬೇಡ. ನಿದ್ದೆ ಬಂದಾಗಲೇ ಹಾಸಿಗೆ. ಇಪ್ಪತ್ತು ನಿಮಿಷವಾದರೂ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗ ಮರಳಬೇಕು. ಏಳಲು ನಿಶ್ಶಕ್ತಿಯುಳ್ಳವರು ಬೀಳುವ ಅಪಾಯವನ್ನು ತಂದುಕೊಳ್ಳದೆ ಹಾಸಿಗೆಯಲ್ಲೇ ದಿಂಬಿಗೊರಗಿ ಕೂತರೆ ಸಾಕು. ಗಡಿಯಾರವೂ ಮೊಬೈಲೂ ಕಣ್ಣಿಗೆ ಕಾಣದಿರಲಿ. ಒಬ್ಬರ ನಿದ್ರೆಗುಳಿಗೆಯನ್ನು ಇನ್ನೊಬ್ಬರು ನುಂಗುವುದಂತೂ ಸರ್ವಥಾ ಸಲ್ಲದು.

ಸಂಗಾತಿಯ ಮಾತೇನು? ಲಕ್ಷ್ಮಣನು ಹದಿನಾಲ್ಕು ವರ್ಷ ಎಚ್ಚರವಿರಲೆಂದು ಅವನ ಪಾಲಿನ ನಿದ್ದೆಯನ್ನೂ ಊರ್ಮಿಳೆಯೇ ಮಲಗಿದಳೆಂಬ ಕಥೆ ಜನಪದರಲ್ಲುಂಟು. ಕಥೆ ಸೊಗಸಾಗಿದೆ. ಆದರೆ ಇಂದು ನಿದ್ದೆಯನ್ನು ಹಾಗೆ ವರ್ಗಾಯಿಸುವ ದೇವತೆಯಿಲ್ಲ. ಹೆಂಡತಿ ಕಣ್ಣು ಮುಚ್ಚದಿದ್ದ ಮಾತ್ರಕ್ಕೆ ಗಂಡನ ನಿದ್ದೆ ಹೆಚ್ಚಲಾರದು. ಮರುದಿನ ಔಷಧದ ಹೊತ್ತು ತಪ್ಪೀತು, ಒಲೆಯ ಮುಂದೆ ಕೈ ನಡುಗೀತು. ವರ್ಗಾಯಿಸಲು ಬರುವುದು ಎಚ್ಚರವನ್ನು ಮಾತ್ರ. ವಾರದಲ್ಲಿ ಎರಡು ರಾತ್ರಿ ಮಗನೋ, ನಾದಿನಿಯೋ, ತಮ್ಮನೋ ಕಾವಲು ಕೂತರೆ ಆಕೆ ಇನ್ನೊಂದು ಕೋಣೆಯಲ್ಲಿ ಮಲಗಬಹುದು. ಮಂಚದ ಪಕ್ಕದಲ್ಲೊಂದು ಗಂಟೆಯಿಟ್ಟರೆ, ಪ್ರತಿಯೊಂದು ಉಸಿರನ್ನೂ ಕಿವಿಗೊಟ್ಟು ಎಣಿಸುವ ಕೆಲಸ ತಪ್ಪುತ್ತದೆ. ‘ನಾನು ಮಲಗಿದರೆ ಪಾಪ’ ಎಂಬ ಭಾವನೆಯನ್ನು ಬಿಡಿಸಬೇಕಾದವರು ಅತ್ತೆ ಮಾವಂದಿರು, ನೆಂಟರಿಷ್ಟರು. ಬುತ್ತಿ ತರುವ ನೆಂಟ ಒಳ್ಳೆಯವನೇ. ಆದರೆ ಒಂದು ರಾತ್ರಿಯ ಕಾವಲನ್ನು ಹೊರುವ ನೆಂಟ ಇನ್ನೂ ದೊಡ್ಡವನು.

ಚಿಂತೆಗೂ ಒಂದು ಹೊತ್ತು ಗೊತ್ತುಮಾಡುವುದು ಲೇಸು. ದೀಪ ಹಚ್ಚುವ ವೇಳೆಗೆ ಇಬ್ಬರೂ ಕುಳಿತು ಸಾಲ, ಪೀಕು, ಮಗಳ ಲಗ್ನ, ಸಾವಿನ ಭಯ ಎಲ್ಲವನ್ನೂ ಬಾಯಿಬಿಟ್ಟು ಆಡಿಕೊಳ್ಳಲಿ. ಸಂಜೆ ಆಡದೆ ಉಳಿದ ಮಾತೇ ನಡುರಾತ್ರಿ ಎಬ್ಬಿಸುತ್ತದೆ. ಮೇಲೆ ಹೇಳಿದ ದಂಪತಿಗಳು ಒಂದು ಸಂಜೆ ‘ನನಗೂ ನಿದ್ದಿ ಇಲ್ಲ’ ಎಂದು ಪರಸ್ಪರ ಒಪ್ಪಿಕೊಂಡರು. ರೋಗ ಅದರಿಂದ ಹೋಗಲಿಲ್ಲ. ನಾಟಕ ಮಾತ್ರ ನಿಂತಿತು. ಮರುವಾರ ಆಕೆಯೇ ವೈದ್ಯರ ಮುಂದೆ ಬಾಯಿಬಿಟ್ಟು, ರಾತ್ರಿಯ ನೋವಿನ ಔಷಧವನ್ನು ಸರಿಪಡಿಸಿಕೊಂಡು ಬಂದರು.

ವಾಚಕರಲ್ಲಿ ಯಾರ ಮನೆಯಲ್ಲಾದರೂ ಇಂಥ ರಾತ್ರಿಗಳಿದ್ದರೆ ಒಂದು ವಿನಂತಿ. ರಕ್ತದ ವರದಿಯ ಜೊತೆಗೆ ಒಂದು ಹಾಳೆಯಲ್ಲಿ ವಾರದ ಏಳು ರಾತ್ರಿಗಳ ಲೆಕ್ಕವನ್ನೂ ಬರೆದೊಯ್ಯಿರಿ: ಮಲಗಿದ್ದು ಯಾವಾಗ, ಎಚ್ಚರವಾದದ್ದು ಎಷ್ಟು ಸಲ, ಏತಕ್ಕೆ. ಗೊರಕೆಯ ನಡುವೆ ಉಸಿರು ನಿಲ್ಲುವುದಾದರೆ ಅದನ್ನೂ ಬರೆಯಿರಿ. ವೈದ್ಯರು ಕೇಳದಿದ್ದರೆ ನೀವೇ ಹೇಳಿ. ಆ ಹಾಳೆಯಲ್ಲಿ ಎರಡು ಕಲಮುಗಳಿರಲಿ. ಒಂದು ರೋಗಿಯದು, ಇನ್ನೊಂದು ಪಕ್ಕದ ಚಾಪೆಯವರದು.