ಬೆಡ್ ರೆಸ್ಟ್ ಅಂದ್ರೆ ಯಾರಿಗೆ ರೆಸ್ಟ್?

ಈ "ಬೆಡ್ ರೆಸ್ಟ್" ಅನ್ನೋ ಎರಡು ಶಬ್ದಗಳ ಮೇಲೆ ನನಗೆ ಬಹಳ ದಿನದ ಸಿಟ್ಟಿದೆ. ಧಾರವಾಡ ಬಿಟ್ಟು ಡೊಂಬಿವಲಿಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಈ ಬಿಲ್ಡಿಂಗಿನಲ್ಲಿ, ನಮ್ಮ ಬಳಗದಲ್ಲಿ, ಆಫೀಸಿನಲ್ಲಿ ಎಷ್ಟು ಜನ ಹುಡುಗಿಯರು ಆ ಎರಡು ಶಬ್ದ ಕೇಳಿ ಮಂಚ ಹಿಡಿದರೋ ಲೆಕ್ಕ ಇಟ್ಟಿಲ್ಲ. ಎರಡನೇ ತಿಂಗಳಿನಲ್ಲಿ ಒಳಉಡುಪಿನ ಮೇಲೆ ಒಂದು ಕಂದು ಕಲೆ ಕಂಡರೆ ಸಾಕು, ಮನೆಯವರೆಲ್ಲ ಡಾಕ್ಟರಾಗುತ್ತಾರೆ. ಇಲ್ಲಿ ಮರಾಠಿಯವರು "ಡಾಗ್" ಅಂತಾರೆ, ನಮ್ಮೂರಲ್ಲಿ ಕಲೆ ಅಂತೀವಿ. ಹೆಸರು ಯಾವುದಾದರೇನು, ಮುಂದಿನ ನಾಟಕ ಒಂದೇ.

ನಮ್ಮ ಅಕ್ಕನ ಮಗಳು ಠಾಣೆಯಲ್ಲಿದ್ದಾಳೆ. ಏಳನೇ ವಾರದಲ್ಲಿ ಅವಳಿಗೆ ಹೀಗಾಯಿತು. ಸಂಜೆಯೊಳಗೆ ಊರಿಂದ ನಾಲ್ಕು ಫೋನು. "ಲೋಕಲ್ ಟ್ರೇನಿನ್ಯಾಗ ಅಡ್ಡಾಡಿದ್ರ ಇನ್ನೇನ್ ಆಗ್ತದ?" ಅಂತ ಅವರತ್ತಿ. "ಪಪ್ಪಾಯಿ ತಿಂದಿದ್ದಿಯೇನವಾ?" ಅಂತ ಇನ್ನೊಬ್ಬರು. ಮೇಲಿನ ಅಟ್ಟದಿಂದ ಡಬ್ಬಿ ತೆಗೆದಳಂತೆ, ಕೈ ಎತ್ತಿದಳಂತೆ... ಮನೆ ಹತ್ತಿರದ ನರ್ಸಿಂಗ್ ಹೋಮಿನವರು (ಹೆಸರು ಬೇಡ ಬಿಡಿ) ಸ್ಕ್ಯಾನ್ ಮಾಡಿಸಲಿಲ್ಲ. ವಾರಕ್ಕೊಂದು ಇಂಜೆಕ್ಷನ್ ಬರೆದು, ಮೂರು ತಿಂಗಳು ಬೆಡ್ ರೆಸ್ಟ್ ಅಂದರು. ಹುಡುಗಿ ನನ್ನ ಕೈ ಹಿಡಿದು ಕೇಳಿದ್ದು ಒಂದೇ: "ಮಾವಶಿ, ನಾ ಏನ್ ತಪ್ಪು ಮಾಡಿದೆ?"

ಏನೂ ಮಾಡಿರಲಿಲ್ಲ. ಅದನ್ನೇ ಹೇಳೋಕೆ ಕೂತಿದ್ದೇನೆ.

ಮೊದಲ ಮೂರು ತಿಂಗಳಲ್ಲಿ ಹೆಚ್ಚೂಕಡಿಮೆ ನಾಲ್ಕು ಜನ ಬಸುರಿಯರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣಿಸುತ್ತದೆ. ನಾಲ್ಕರಲ್ಲಿ ಒಬ್ಬರು ಸ್ವಾಮಿ! ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಬಸಿರು ಮುಂದುವರಿಯುತ್ತದೆ. ಸ್ಕ್ಯಾನಿನಲ್ಲಿ ಒಮ್ಮೆ ಎದೆಬಡಿತ ಕಂಡಿತೆಂದರೆ, ರಕ್ತ ಕಂಡಿದ್ದರೂ ಹತ್ತರಲ್ಲಿ ಸುಮಾರು ಒಂಬತ್ತು ಬಸಿರು ನಿಲ್ಲುತ್ತವೆ. ಕಾರಣಗಳು ಹಲವು. ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವಾಗ ಮುಟ್ಟಿನ ದಿನದ ಹತ್ತಿರವೇ ನಾಲ್ಕು ಹನಿ ಬರಬಹುದು. ಗರ್ಭಚೀಲದ ಪಕ್ಕದಲ್ಲಿ ಒಂದಿಷ್ಟು ರಕ್ತ ಸೇರಿಕೊಂಡು ನಿಧಾನವಾಗಿ ಹೊರಬರಬಹುದು. ಗರ್ಭಕೋಶದ ಕೊರಳು ಬಸಿರಿನಲ್ಲಿ ಮೃದುವಾಗಿರುತ್ತದೆ, ಗಂಡಹೆಂಡಿರು ಕೂಡಿದ ಮೇಲೆ ಸ್ವಲ್ಪ ರಕ್ತ ಬರುವುದುಂಟು. ಹೌದು, ಒಮ್ಮೊಮ್ಮೆ ಬಸಿರು ನಿಲ್ಲದೆ ಹೋಗುವುದರ ಸೂಚನೆಯೂ ಆಗಿರಬಹುದು. ಯಾವುದು ಅಂತ ಕಲೆ ನೋಡಿ ಹೇಳೋಕೆ ಅತ್ತೆಗೂ ಆಗಲ್ಲ, ಡಾಕ್ಟರಿಗೂ ಆಗಲ್ಲ. ಸ್ಕ್ಯಾನ್ ಬೇಕು, ಕೆಲವರಿಗೆ ಎರಡು ದಿನದ ಅಂತರದಲ್ಲಿ ಎಚ್‌ಸಿಜಿ ರಕ್ತಪರೀಕ್ಷೆ ಬೇಕು.

ಇನ್ನು ಈ ಮಂಚದ ವಿಷಯ. ಮಲಗಿದರೆ ಬಸಿರು ನಿಲ್ಲುತ್ತದೆ ಅನ್ನೋದಕ್ಕೆ ಪುರಾವೆ ಎಲ್ಲಿದೆ? ಕಾಕ್ರೇನ್ ಸಂಸ್ಥೆಯವರು 2005ರಲ್ಲೇ ಇದನ್ನು ಹುಡುಕಿದರು. ಸಿಕ್ಕಿದ್ದು ಎರಡು ಅಧ್ಯಯನ, ಒಟ್ಟು 84 ಹೆಂಗಸರು. ಮಲಗಿದ್ದರಿಂದ ಲಾಭ ಆಯ್ತೆಂದು ತೋರಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ತೊಂದರೆಯಂತೂ ಇದೆ. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಸ್ವಭಾವ ಮೊದಲೇ ಜಾಸ್ತಿ, ಅದರ ಮೇಲೆ ವಾರಗಟ್ಟಲೆ ಮಲಗಿಸಿದರೆ ಕಾಲಿನ ನರದಲ್ಲಿ ಹೆಪ್ಪು ಕಟ್ಟುವ ಅಪಾಯ ಇನ್ನೂ ಏರುತ್ತದೆ. ಕೆಲಸ ಹೋಗುತ್ತದೆ, ಸಂಬಳ ಹೋಗುತ್ತದೆ. ಛಾವಣಿ ನೋಡುತ್ತಾ ಮಲಗಿದವಳ ತಲೆಯಲ್ಲಿ ಇಪ್ಪತ್ನಾಲ್ಕು ತಾಸೂ ಅದೇ ಭಯ. ಸುಸ್ತಾದರೆ ಮಲಗಲಿ, ಬೇಡ ಅಂದವರ್ಯಾರು? ಆದರೆ ಬಚ್ಚಲಿಗೆ ಎದ್ದು ಹೋಗಿದ್ದೇ ತಪ್ಪು ಅನ್ನೋ ಹಾಗೆ ಮಾಡಿಟ್ಟರೆ, ಕೊನೆಗೆ ಬಸಿರು ನಿಲ್ಲದೇ ಹೋದಾಗ "ಅವತ್ತು ಎದ್ದಿದ್ದಳಲ್ಲ" ಅನ್ನೋಕೆ ಎಲ್ಲರಿಗೂ ಒಂದು ಕಾರಣ ಸಿಕ್ಕಂತಾಯಿತು. ನನಗೆ ಅನಿಸೋದು, ಈ ಸಲಹೆಯಿಂದ ರೆಸ್ಟ್ ಸಿಗೋದು ಕೊಟ್ಟವರಿಗೇ. ಏನೋ ಮಾಡಿದೆವು ಅನ್ನೋ ಸಮಾಧಾನ!

ಆರಂಭದಲ್ಲೇ ಹೋಗಿಬಿಡುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಕ್ರೋಮೋಸೋಮಿನ ದೋಷ. ಅದರಲ್ಲಿ ಹೆಚ್ಚಿನದು ಬಸಿರು ಕಟ್ಟುವ ಹೊತ್ತಿಗೇ ಆಗಿಹೋಗಿರುತ್ತದೆ. ಅವಳು 8.12ರ ಫಾಸ್ಟ್ ಹತ್ತುವುದಕ್ಕೆ ಎಷ್ಟೋ ದಿನ ಮೊದಲು. ಲೋಕಲ್‌ನ ಕುಲುಕಾಟಕ್ಕೆ ಬಸಿರು ಬೀಳುವುದಾಗಿದ್ದರೆ ಈ ಡೊಂಬಿವಲಿ, ಕಲ್ಯಾಣಗಳಲ್ಲಿ ಮಕ್ಕಳೇ ಇರುತ್ತಿರಲಿಲ್ಲ. ಲೇಡೀಸ್ ಡಬ್ಬಾದಲ್ಲಿ ಎಂಟು ತಿಂಗಳ ಹೊಟ್ಟೆ ಹೊತ್ತು ನಿಂತವರನ್ನು ದಿನಾ ನೋಡಿದವಳು ನಾನು (ಸೀಟು ಬಿಡದವರನ್ನೂ ನೋಡಿದ್ದೇನೆ, ಅದು ಬೇರೆ ಜಗಳ). ಪಪ್ಪಾಯಿಯ ಮಾಗಿದ ಎರಡು ಹೋಳಿಗೂ ಈ ಪಾಪ ಕಟ್ಟಬೇಡಿ.

ಹಾಗಂತ ಕಲೆ ಕಂಡರೆ ಸುಮ್ಮನಿರಿ ಅಂತ ನಾನು ಹೇಳುತ್ತಿಲ್ಲ. ಮಂಚದ ಮೇಲೆ ನನ್ನ ಸಿಟ್ಟಿಗೆ ನಿಜವಾದ ಕಾರಣವೇ ಬೇರೆ. ನಮ್ಮ ಮೇಲಿನ ಮಾಳಿಗೆಯ ಹುಡುಗಿಯೊಬ್ಬಳು, ಆರೂವರೆ ವಾರ, ಸ್ವಲ್ಪ ರಕ್ತ, ಹೊಟ್ಟೆಯ ಒಂದು ಬದಿ ನೋವು. "ಸುಮ್ಮನೆ ಮಲಗಿರು" ಅಂದರು, ಮಲಗಿದಳು. ಮೂರನೇ ದಿನ ಭುಜದ ತುದಿ ನೋಯುತ್ತೆ ಅಂದಳು, ಗ್ಯಾಸ್ ಅಂತ ಓಮದ ನೀರು ಕೊಟ್ಟರು. ರಾತ್ರಿ ಬಚ್ಚಲಲ್ಲಿ ಬಿದ್ದಳು. ಬಸಿರು ಗರ್ಭಕೋಶದಲ್ಲಿ ಇರಲೇ ಇಲ್ಲ, ನಾಳದಲ್ಲಿತ್ತು. ಆ ನಾಳ ಒಡೆದು ಹೊಟ್ಟೆಯೊಳಗೆಲ್ಲ ರಕ್ತ. ರಾತ್ರೋರಾತ್ರಿ ಆಪರೇಷನ್ ಆಗಿ ಜೀವ ಉಳಿಯಿತು. ನೂರು ಬಸಿರಿನಲ್ಲಿ ಒಂದೋ ಎರಡೋ ಹೀಗೆ ಹೊರಗೆ ಕೂರುತ್ತವೆ. ಬೇಗ ಗೊತ್ತಾದರೆ ಎಷ್ಟೋ ಸಲ ಔಷಧಿಯಲ್ಲೇ ಮುಗಿಸಬಹುದು. ಹೊರಗೆ ರಕ್ತ ಕಮ್ಮಿ ಅಂತ ಒಳಗೂ ಕಮ್ಮಿ ಅನ್ನೋ ಹಾಗಿಲ್ಲ. ಒಂದು ಬದಿಯ ನೋವು, ಭುಜದ ತುದಿ ನೋವು, ಕಣ್ಣು ಕತ್ತಲೆ ಬರುವುದು, ಇವುಗಳಲ್ಲಿ ಒಂದು ಇದ್ದರೂ ಅರ್ಧ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಬೇಕು. ಒಂದು ತಾಸಿಗೆ ಎರಡು ಪ್ಯಾಡ್ ತೋಯ್ದು, ಮುಂದಿನ ತಾಸೂ ಹಾಗೇ ಆದರೆ ಓಡಬೇಕು. ಜ್ವರ, ವಾಸನೆ ಇದ್ದರೂ ಅಷ್ಟೇ. ಬಸುರಿಯ ರಕ್ತದ ಗುಂಪು ನೆಗೆಟಿವ್ ಇದ್ದರೆ ಹೋದ ಕೂಡಲೇ ಹೇಳಬೇಕು. ಆಂಟಿ-ಡಿ ಬೇಕೋ ಬೇಡವೋ ಅನ್ನೋದು ಎಷ್ಟು ವಾರ, ಏನಾಗಿದೆ ಅನ್ನೋದರ ಮೇಲೆ ಅವರು ನೋಡುತ್ತಾರೆ.

ಇಂಜೆಕ್ಷನ್ ಬಗ್ಗೆಯೂ ಒಂದು ಮಾತು. ಪ್ರೊಜೆಸ್ಟೆರಾನ್ ಶುದ್ಧ ಸುಳ್ಳು ಅಂತ ನಾನು ಅನ್ನಲ್ಲ. 2019ರಲ್ಲಿ ಬ್ರಿಟನ್ನಿನ ಪ್ರಿಸಂ ಅಧ್ಯಯನ ಬಂತು. ರಕ್ತ ಕಂಡ 4,153 ಬಸುರಿಯರಲ್ಲಿ ಅರ್ಧ ಜನರಿಗೆ ಪ್ರೊಜೆಸ್ಟೆರಾನ್, ಅರ್ಧ ಜನರಿಗೆ ಬರೀ ತೋರಿಕೆಯ ಗುಳಿಗೆ. ಮಗು ಕೈಗೆ ಬಂದದ್ದು 75% ಮತ್ತು 72%, ಅಂದರೆ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಆದರೆ ಮೊದಲು ಮೂರು ಅಥವಾ ಹೆಚ್ಚು ಸಲ ಬಸಿರು ಹೋದವರಲ್ಲಿ 72% ಮತ್ತು 57%. ಅದು ಸಣ್ಣ ವಿಷಯವಲ್ಲ. 2021ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ, ಹಿಂದೆ ಬಸಿರು ಹೋಗಿದ್ದು ಈಗ ರಕ್ತ ಕಂಡವರಿಗೆ, ಬಸಿರು ಗರ್ಭಕೋಶದಲ್ಲೇ ಇದೆ ಅಂತ ಸ್ಕ್ಯಾನಿನಲ್ಲಿ ಖಚಿತವಾದ ಮೇಲೆ ಕೊಡಿ ಅಂದಿತು. ಕೊಟ್ಟದ್ದು ಒಳಗೆ ಇಟ್ಟುಕೊಳ್ಳುವ ಗುಳಿಗೆ, ವಾರದ ಸೂಜಿ ಅಲ್ಲ. ಮೊದಲನೇ ಬಸಿರು, ಸ್ಕ್ಯಾನ್ ಇಲ್ಲ, ಬಂದವರಿಗೆಲ್ಲ ಸೂಜಿ, ಇದು ಯಾವ ಲೆಕ್ಕ? "ಯಾಕೆ ಕೊಡ್ತಿದ್ದೀರಿ?" ಅಂತ ಕೇಳಿದ್ದಕ್ಕೆ ಅಲ್ಲಿ ನನಗೆ ಸಿಕ್ಕ ಉತ್ತರ, "ನೀವು ಡಾಕ್ಟರಾ?"

ಇದರ ತದ್ವಿರುದ್ಧದ ಅವಸರವೂ ಉಂಟು. ಒಂದೇ ಸ್ಕ್ಯಾನ್, ಎದೆಬಡಿತ ಕಾಣಲಿಲ್ಲ, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ಕ್ಲೀನಿಂಗ್! ನಿಲ್ಲಿ ಸ್ವಾಮಿ. ಮುಟ್ಟಿನ ಲೆಕ್ಕ ಒಂದು ವಾರ ಆಚೀಚೆ ಆಗಿದ್ದರೂ ಎದೆಬಡಿತ ಕಾಣದು. ಭ್ರೂಣದ ಉದ್ದ 7 ಮಿಲಿಮೀಟರಿಗಿಂತ ಕಮ್ಮಿ ಇದ್ದಾಗ ಬಡಿತ ಕಾಣದಿದ್ದರೆ, ಒಂದು ವಾರವಾದರೂ ಬಿಟ್ಟು ಮತ್ತೆ ನೋಡಬೇಕು. ಹೆಂಗಸಿನ ಸ್ಥಿತಿ ಚೆನ್ನಾಗಿದ್ದರೆ ಆ ವಾರದಿಂದ ಸಾಮಾನ್ಯವಾಗಿ ನಷ್ಟವೇನಿಲ್ಲ. ಬಸಿರು ಹೋಗಿದೆ ಅಂತ ಖಚಿತವಾದ ಮೇಲೂ ಕಾಯಬಹುದು, ಗುಳಿಗೆ ಇದೆ, ಹೀರುವ ಕೊಳವೆಯ ವಿಧಾನ ಇದೆ. ಕೆರೆಯುವ ಡಿ ಆಂಡ್ ಸಿ ಹಳತಾಯ್ತು, ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ. ಯಾವ ವಿಧಾನ ಅಂತ ಕೇಳೋ ಹಕ್ಕು ಅವಳಿಗಿದೆ.

ಅಕ್ಕನ ಮಗಳನ್ನು ಬೇರೆ ಕಡೆ ಕರೆದುಕೊಂಡು ಹೋದೆವು. ಸ್ಕ್ಯಾನ್ ಆಯಿತು, ಎದೆಬಡಿತ ಕಂಡಿತು. ಅವಳು ಮುಂದಿನ ಸೋಮವಾರ ಕೆಲಸಕ್ಕೆ ಹೋದಳು, ಲೋಕಲ್‌ನಲ್ಲೇ. ಅವಳದ್ದು ಸರಿಹೋಯಿತು ಅಂತ ಈ ಮಾತು ಬರೆಯುತ್ತಿಲ್ಲ. ಹೋಗಿದ್ದರೂ ಇದನ್ನೇ ಬರೆಯುತ್ತಿದ್ದೆ.

ಹೋದವರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮೂರು ತಿಂಗಳು ಯಾರಿಗೂ ಹೇಳಬಾರದು, ದೃಷ್ಟಿ ತಾಗುತ್ತದೆ. ಸರಿ, ಹೇಳಲಿಲ್ಲ. ಹೋದ ಮೇಲೆ ಯಾರ ಹತ್ತಿರ ಅಳಬೇಕು? ನಮ್ಮ ಆಫೀಸಿನಲ್ಲಿ ಒಬ್ಬಳು ಶುಕ್ರವಾರ ಆಸ್ಪತ್ರೆಗೆ ಹೋಗಿ, ಸೋಮವಾರ ಬಂದು ಕೂತಳು. "ವೈರಲ್ ಫೀವರ್" ಅಂದಳಂತೆ. ಬಸಿರು ಹೋದರೆ ಆರು ವಾರ ಸಂಬಳಸಹಿತ ರಜೆ ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಬರೆದಿತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಇದೆ. ಅವಳಿಗೆ ಗೊತ್ತಿರಲಿಲ್ಲ. ಎಚ್‌ಆರ್‌ನವನಿಗೂ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದವನ ಹಾಗೆ ಕೂತಿದ್ದ. ಕಾಯ್ದೆಯ ಆ ಪುಟದ ಜೆರಾಕ್ಸ್ ತೆಗೆದು ಅವನ ಟೇಬಲ್ ಮೇಲೆ ಇಟ್ಟುಬಂದೆ. ಆಸ್ಪತ್ರೆಯ ಕಾಗದ ತಂದುಕೊಟ್ಟ ಮೇಲೆ ಅವಳಿಗೆ ರಜೆ ಸಿಕ್ಕಿತು. ನಿಮ್ಮ ಆಫೀಸಿನಲ್ಲೂ ಒಮ್ಮೆ ಕೇಳಿ ನೋಡಿ.