ಬಡ್ಡಿ ರೀಡು, ಅಸಲು ಓದು

ಹೋದ ಬೇಸಿಗೆಯಲ್ಲಿ ಮೋರಟಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದೆ: 'ಈ ತಿಂಗಳ ಬಡ್ಡಿ ರೀಡ್ ಮುಗಿದಿಲ್ಲ ಮಾರಾಯ್ತಿ, ನಲವತ್ತು ಪುಟ ಬಾಕಿ ಐತಿ.' ಒಳಗಿನಿಂದ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. 'ಯಾರ ಕಡಿಂದ ತಗೊಂಡಿ ಯವ್ವಾ? ಎಷ್ಟ ಬಡ್ಡಿ?'

ಬಡ್ಡಿ, ಬಾಕಿ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದರೆ ನಮ್ಮ ಓಣಿಯ ಯಾವ ಹೆಂಗಸಿಗಾದರೂ ಎದೆ ಧಸಕ್ಕೆನ್ನುತ್ತದೆ. ವಾರವಾರ ಸಂಘದ ಕಂತು ಕಟ್ಟುವವರು ಅವರು. ಅದು ಸಾಲ ಅಲ್ಲ, ಬೇರೆ ಬೇರೆ ಊರಿನವರು ಕೂಡಿ ಒಂದೇ ಪುಸ್ತಕ ಓದೂದು ಎಂದು ತಿಳಿಸಿ ಹೇಳಿದೆ. ಅವ್ವ ಕೈ ಒರೆಸಿಕೊಳ್ಳುತ್ತ, 'ಕೂಡಿ ಓದೂದಕ್ಕ ಬಾಕಿ ಹೆಂಗ ಬರ್ತದ?' ಎಂದಳು.

ಆಗ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿರುವುದನ್ನು ಹೇಳಿದರೆ ನನ್ನ ಓದುಗೆಳೆಯರಲ್ಲಿ ಕೆಲವರಿಗೆ ಸಿಟ್ಟು ಬರಬಹುದು. ಬರಲಿ.

ಆ ತಿಂಗಳು ನಮ್ಮ ಗುಂಪು ಆರಿಸಿಕೊಂಡಿದ್ದ ಪುಸ್ತಕ ಗೀತಾ ನಾಗಭೂಷಣ ಅವರ 'ಬದುಕು'. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಕಲಬುರಗಿ ಸೀಮೆಯ ಕೆಳಜಾತಿಯ ಜನರ, ಅದರಲ್ಲೂ ಹೆಂಗಸರ ಬಾಳನ್ನು ಅದೇ ಸೀಮೆಯ ಮಾತಿನಲ್ಲಿ ಹೇಳುವ ಪುಸ್ತಕ. ಆಯ್ಕೆಯಾದಾಗ ಹಿಗ್ಗಿದವರಲ್ಲಿ ನಾನೂ ಒಬ್ಬಳು, ಯಾಕೆಂದರೆ ಜೇವರ್ಗಿ ರಸ್ತೆ ಹಿಡಿದರೆ ನಮ್ಮೂರಿಂದ ಆ ಸೀಮೆ ದೂರವೇನಿಲ್ಲ. ಮೊದಲ ದಿನವೇ ಗುಂಪಿನಲ್ಲಿ ನಿಯಮದ ಪಟ್ಟಿ ಬಂತು. ದಿನಕ್ಕೆ ಇಪ್ಪತ್ತೈದು ಪುಟ. ಮುಗಿಸಿದವರು ಹಸಿರು ಟಿಕ್ ಹಾಕಬೇಕು. ಮುಂದಿನ ಕಥೆ ಬಿಟ್ಟುಕೊಡಬಾರದು. ಕೊನೆಯ ನಿಯಮ: ಟೀಕೆ ಬೇಡ, ಮೆಚ್ಚಿದ್ದನ್ನು ಹಂಚಿಕೊಳ್ಳಿ.

ಮೂರನೆಯ ದಿನಕ್ಕೇ ಭಾಷೆಯ ತಕರಾರು ಶುರುವಾಯಿತು. ಒಬ್ಬರು 'ದೌಡ' ಅಂದರೇನು ಎಂದು ಕೇಳಿದರು, ಅದು ಒಳ್ಳೆಯ ಪ್ರಶ್ನೆ, ಹೇಳಿದೆ. ಇನ್ನೊಬ್ಬರು ಸಂಭಾಷಣೆ ಅರ್ಥವಾಗದಿದ್ದರೆ ಬಿಟ್ಟು ಓದಿ, ಕಥೆ ಸಿಗುತ್ತದೆ ಎಂದು ಸಲಹೆ ಕೊಟ್ಟರು. ಮಗದೊಬ್ಬರು ಬರೆದರು: ಇಷ್ಟು ಒರಟು ಭಾಷೆ ಬೇಕಿತ್ತೆ, ಓದಿ ಮನಸ್ಸು ಕೆಡುತ್ತದೆ. ನಾನು ಸುಮ್ಮನಿರಲಿಲ್ಲ. ನಿಮಗೆ ಒರಟು ಅನಿಸುವುದು ನನ್ನ ಅವ್ವ ದಿನಾ ಆಡುವ ಮಾತು ಎಂದು ಬರೆದೆ. ಹತ್ತು ನಿಮಿಷದಲ್ಲಿ ಅವರ ಮಾತೂ ಇಲ್ಲ, ನನ್ನದೂ ಇಲ್ಲ. ಗುಂಪು ನಡೆಸುವವರು ಎರಡನ್ನೂ ಅಳಿಸಿ, ವಾತಾವರಣ ಕೆಡಿಸುವುದು ಬೇಡ ಎಂದು ಕೈಮುಗಿಯುವ ಚಿತ್ರ ಹಾಕಿದ್ದರು. ಅದರ ಕೆಳಗೆ ಸಾಲಾಗಿ ಹಸಿರು ಟಿಕ್ಕುಗಳು.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಆ ಸಾಲಿನಲ್ಲಿ ನನ್ನ ಟಿಕ್ಕೂ ಇತ್ತು. ಅಂದಿನ ಪುಟಗಳನ್ನು ನಾನು ಓದಿರಲಿಲ್ಲ.

ಅವ್ವನ ಪ್ರಶ್ನೆ ಬಂದದ್ದು ಇದಾದ ಮೇಲೆ. ಮರುದಿನ ಮಧ್ಯಾಹ್ನ ಕರೆಂಟು ಹೋಗಿತ್ತು. ಅವ್ವ, ಆಯಿ, ಬಾಜೂಮನೆಯ ಕಾಕು ತೊಗರಿ ಹಸನು ಮಾಡುತ್ತ ಕೂತಿದ್ದರು. ನಾನು ಕಂಬಕ್ಕೆ ಒರಗಿ ಬಾಕಿ ಪುಟ ತೀರಿಸುತ್ತಿದ್ದೆ. 'ಒಬ್ಬಾಕಿನ ಏನ ಓದಾಕತ್ತಿ, ನಮಗೂ ಕೇಳೂಹಂಗ ಓದವಾ' ಎಂದಳು ಆಯಿ. ಆಯಿಗೆ ಓದು ಬರುವುದಿಲ್ಲ. ಅವ್ವ ನಾಲ್ಕನೆಯ ಇಯತ್ತೆ.

ಓದಿದೆ. ಗುಂಪಿನಲ್ಲಿ ಬಿಟ್ಟು ಓದಿ ಎಂದಿದ್ದರಲ್ಲ, ಆ ಮಾತುಗಳಿಗೇ ಮೂವರೂ ನಕ್ಕರು. ನಾನು ಕಣ್ಣಲ್ಲಿ ಓದುವಾಗ ತಡವರಿಸಿದ್ದ ಒಂದೆರಡು ಸಾಲು ಬಾಯಿಗೆ ಬಂದ ಕೂಡಲೇ ತಾನೇ ಬಿಚ್ಚಿಕೊಂಡಿತು. ಒಂದು ಜಗಳದ ಭಾಗ ಬಂತು. ತಪ್ಪು ಆ ಹೆಂಗಸಿನದೇ ಎಂದು ಅವ್ವ, ಅಲ್ಲ ಎಂದು ಆಯಿ. ಓದು ನಿಂತಿತು. ಮಾತು ಕಥೆಯಿಂದ ಜಾರಿ ನಮ್ಮ ಮನೆಗೇ ಬಂತು. ಗಂಡನ ಮನೆ ಬಿಟ್ಟು ಬಂದ ತನ್ನ ತಂಗಿಯನ್ನು ತವರಿನಲ್ಲಿ ಯಾರೂ ಒಳಗೆ ಕರೆಯಲಿಲ್ಲ ಎಂದು ಆಯಿ ಹೇಳಿದಳು. ಆಯಿಗೆ ಒಬ್ಬ ತಂಗಿ ಇದ್ದಳು ಎಂಬುದು ನನಗೆ ಗೊತ್ತಾದದ್ದೇ ಅಂದು. ಅವ್ವ ಮರ ಕೆಳಗಿಟ್ಟು ಸುಮ್ಮನೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕಾಕು, 'ಇರಲಿ, ಮುಂದ ಓದು' ಎಂದಳು. ಎರಡು ತಾಸಿನಲ್ಲಿ ಆದದ್ದು ನಾಲ್ಕು ಪುಟ. ಗುಂಪಿನ ಲೆಕ್ಕದಲ್ಲಿ ನಾನು ಇನ್ನಷ್ಟು ಹಿಂದೆ ಬಿದ್ದೆ.

ನನ್ನ ತಕರಾರು ಇಷ್ಟೇ. ನಾವು ಗುಂಪುಗಳಲ್ಲಿ ಮಾಡುತ್ತಿರುವುದಕ್ಕೆ ಕೂಡಿ ಓದುವುದು ಎಂಬ ಹೆಸರು ಸಲ್ಲುವುದಿಲ್ಲ. ನೂರು ಜನ ನೂರು ಕೋಣೆಯಲ್ಲಿ ಒಬ್ಬೊಬ್ಬರೇ ಓದಿ, ಸಂಜೆ ಹಾಜರಿ ಹಾಕುತ್ತೇವೆ. ಒಬ್ಬರ ಓದು ಇನ್ನೊಬ್ಬರ ಓದಿಗೆ ತಾಗುವುದೇ ಇಲ್ಲ. ತಾಗಿ ಕಿಡಿ ಹಾರಿದರೆ ಅಳಿಸುವವರಿದ್ದಾರೆ. ಉಳಿಯುವುದು ಎಣಿಕೆ. ಈ ಎಣಿಕೆಯ ಚಟ ನಮಗೆ ಎಲ್ಲಿಂದ ಹತ್ತಿತು ಎಂಬುದೇನೂ ಗುಟ್ಟಲ್ಲ. ವರ್ಷಕ್ಕೆ ಇಷ್ಟು ಪುಸ್ತಕ ಎಂದು ಪಣ ತೊಡಿಸುವ ಗುಡ್‌ರೀಡ್ಸ್ 2007ರಲ್ಲಿ ಶುರುವಾಯಿತು, 2013ರಲ್ಲಿ ಅದನ್ನು ಅಮೆಜಾನ್ ಕೊಂಡಿತು. ಪುಸ್ತಕ ಮಾರುವವನಿಗೆ ನಾವು ಎಷ್ಟು ಮುಗಿಸಿದೆವು ಎಂಬ ಲೆಕ್ಕ ಬೇಕು, ಸರಿ. ನಾಲ್ಕು ಪುಟಕ್ಕೆ ಎರಡು ತಾಸು ಕೂತವರ ಲೆಕ್ಕ ಅವನಿಗೆ ಯಾಕೆ? ಅವನ ಖಾತೆಪುಸ್ತಕವನ್ನು ಕನ್ನಡದ ಗುಂಪುಗಳು ಯಾಕೆ ಬರೆದುಕೊಡಬೇಕು?

ಸಂಶೋಧನೆಯ ವಲಯದ ನನ್ನ ಹಿರಿಯರು ಇಲ್ಲಿ ಖುಷಿಪಡುವುದು ಬೇಡ. ಓದು ಏಕಾಂತದ ಕೆಲಸ, ಈ ಗುಂಪುಗಳೆಲ್ಲ ಹುಡುಗಾಟ ಎನ್ನುವವರ ಪಕ್ಷಕ್ಕೂ ನಾನು ಸೇರಿದವಳಲ್ಲ. ಕನ್ನಡದಲ್ಲಿ ಮೌನವಾಗಿ ಒಬ್ಬರೇ ಓದುವುದೇ ಈಚಿನ ರೂಢಿ. ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಊರೂರಿಗೆ ತಲುಪಿದ್ದು ಒಬ್ಬರು ವಾಚನ ಮಾಡಿ ಇನ್ನೊಬ್ಬರು ವ್ಯಾಖ್ಯಾನ ಮಾಡಿದ್ದರಿಂದ. ಶಿವಮೊಗ್ಗ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು, ಆಮೇಲೆ ಮತ್ತೆ ಪುಟ ಎಣಿಸಲು ಕೂತೆವು. ನಮ್ಮ ಕಡೆ ಇಂದಿಗೂ ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು, ಹಾರ್ಮೋನಿಯಂ, ತಬಲಾ. ತಿಂಗಳಿಡೀ ಒಂದೇ ಪುಸ್ತಕ, ಇರುವುದೂ ಒಂದೇ ಪ್ರತಿ.

ಮಠದ ಪುರಾಣಕ್ಕೆ ವಾಪಸು ಹೋಗೋಣ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅಲ್ಲಿ ಯಾರು ಮುಂದೆ, ಯಾರು ಕಟ್ಟೆಯ ಕೆಳಗೆ ಎಂಬುದು ಕೂಡುವ ಮೊದಲೇ ನಿಶ್ಚಯವಾಗಿರುತ್ತಿತ್ತು. ಹೆಂಗಸರದು ಹಿಂದಿನ ಜಾಗ. ಕೇಳುವುದಷ್ಟೇ, ಎದ್ದು ಪ್ರಶ್ನೆ ಕೇಳಿದವರನ್ನು ನಾನು ಕಂಡಿಲ್ಲ. ಆ ಲೆಕ್ಕದಲ್ಲಿ ಫೋನಿನ ಗುಂಪು ದೊಡ್ಡದೇ. ಹಾಸ್ಟೆಲಿನ ಹುಡುಗಿ ರಾತ್ರಿ ಹನ್ನೊಂದಕ್ಕೆ ಅಲ್ಲಿ ಮಾತಾಡಬಹುದು, ಅವಳ ಕುಲ ಯಾರೂ ಕೇಳುವುದಿಲ್ಲ. (ಅಡ್ಡಹೆಸರು ನೋಡಿ ತಿಳಿದುಕೊಳ್ಳುವವರು ಇದ್ದಾರೆ, ಅದು ಬೇರೆ ಮಾತು.) ಪುಸ್ತಕದಂಗಡಿಯೇ ಇಲ್ಲದ ಊರಿನ ನನ್ನಂಥವರಿಗೆ ಹೊಸ ಪುಸ್ತಕದ ಸುದ್ದಿ ತಲುಪಿಸಿದ್ದೂ ಈ ಗುಂಪುಗಳೇ. ಅದಕ್ಕೇ ಇಷ್ಟು ಸಿಟ್ಟು. ಮಠ ಕೊಡದಿದ್ದ ಮಾತಿನ ಹಕ್ಕು ಇಲ್ಲಿ ಕೈಗೆ ಸಿಕ್ಕಿತ್ತು. ಅದನ್ನು ಟಿಕ್ಕಿಗೆ ಮಾರಿಕೊಂಡೆವು.

ಹೀಗಲ್ಲದೆ ಬೇರೆ ರೀತಿ ಸಾಧ್ಯವೇ ಎಂದು ಕೇಳುವವರಿಗೆ ಹವಾನಾದ ಚುಟ್ಟಾ ಕಾರ್ಖಾನೆಗಳನ್ನು ತೋರಿಸುತ್ತೇನೆ. 1865ರಲ್ಲಿ ಕ್ಯೂಬಾದ ಕಾರ್ಮಿಕರು ತಮ್ಮ ಕೂಲಿಯಿಂದಲೇ ಹಣ ಕೂಡಿಸಿ ಓದುವವನನ್ನು ಇಟ್ಟುಕೊಂಡರು. ಇವರು ಎಲೆ ಸುತ್ತುತ್ತಿದ್ದರು, ಅವನು ಪತ್ರಿಕೆ, ಕಾದಂಬರಿ ಓದುತ್ತಿದ್ದ. ಯಾವ ಪುಸ್ತಕ ಎಂಬುದನ್ನು ಕೆಲಸಗಾರರೇ ತೀರ್ಮಾನಿಸುವ ರೂಢಿ ಬೆಳೆಯಿತು. ಮೆಚ್ಚಿದರೆ ಎಲೆ ಕೊಯ್ಯುವ ಚೂರಿಯನ್ನು ಹಲಗೆಗೆ ಬಡಿಯುತ್ತಿದ್ದರು. ಮರುವರ್ಷವೇ ಸರ್ಕಾರ ಅದನ್ನು ನಿಷೇಧಿಸಿತು. ಹಸಿರು ಟಿಕ್ಕನ್ನು ಯಾವ ಸರ್ಕಾರವೂ ನಿಷೇಧಿಸಲಾರದು ಬಿಡಿ.

ಅಷ್ಟು ದೂರ ಯಾಕೆ? ನಮ್ಮ ಜಿಲ್ಲೆಯಲ್ಲೇ, ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ, ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರಿದ್ದರು. ಬೀಸುಕಲ್ಲಿನ ಮುಂದೆ ಕೂತ ಹೆಂಗಸರ ಹಾಡುಗಳನ್ನು ಕೇಳಿ, ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಹೆಂಗಸರ ಬಾಯಲ್ಲಿದ್ದುದನ್ನು ಪುಸ್ತಕಕ್ಕೆ ತಂದವರು ಅವರು. ಪುಸ್ತಕದಲ್ಲಿರುವುದನ್ನು ಅದೇ ಹೆಂಗಸರ ಕಿವಿಗೆ ತಲುಪಿಸುವ ಕೆಲಸ, ಅದು ಬಹಳ ಸಣ್ಣದು, ನಮ್ಮಿಂದ ಆಗಿಲ್ಲ. ಕೈಯಲ್ಲಿ ಫೋನಿದೆ, ಅದರಲ್ಲಿ ಧ್ವನಿ ಕಳಿಸುವ ಗುಂಡಿಯೂ ಇದೆ.

ಇದನ್ನೇ ಗುಂಪಿನಲ್ಲಿ ಹೇಳಿದೆ. ವಾರಕ್ಕೊಂದು ದಿನ ಪುಟದ ಗುರಿ ಬೇಡ, ಯಾರಾದರೂ ಒಬ್ಬರು ಹತ್ತು ನಿಮಿಷ ಗಟ್ಟಿಯಾಗಿ ಓದಲಿ, ಉಳಿದವರು ಮನೆಯವರನ್ನೂ ಕೂಡಿಸಿಕೊಂಡು ಕೇಳಲಿ, ಒಪ್ಪದ ಮಾತು ಬಂದರೆ ಅಳಿಸದೆ ಇರಲಿ ಎಂದು. ಏಳು ಹೃದಯದ ಚಿತ್ರಗಳು ಬಂದವು. ಒಬ್ಬರು ಮಾತ್ರ, ಬೀದರಿನ ಕಡೆಯವರು, ನಾನು ಓದುತ್ತೇನೆ ಎಂದರು. ಗುಂಪು ನಡೆಸುವವರು ಮುಂದಿನ ತಿಂಗಳು ನೋಡೋಣ ಎಂದು ಬರೆದು, ಅದರ ಕೆಳಗೇ ಹೊಸ ಪುಸ್ತಕದ ಮುಖಪುಟ ಹಾಕಿದರು. 'ಬದುಕು' ಮುಗಿಸಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ತೆಗೆಸಿದೆ.

ನಮ್ಮ ಪಡಸಾಲೆಯಲ್ಲಿ ಅದು ಇನ್ನೂ ಅರ್ಧಕ್ಕೇ ನಿಂತಿದೆ. ಆಯಿ ಕಣ್ಣಿನ ಆಪರೇಷನ್ನಿಗೆ ಕಲಬುರಗಿಗೆ ಹೋಗಿದ್ದಾಳೆ. ಮುಂದೇನಾಯಿತು ಅಂತ ಕಾಕು ದಿನಾ ಕೇಳುತ್ತಾಳೆ. ಅತ್ತಿ ಬರೂತನಕ ಪುಸ್ತಕ ಮುಟ್ಟಬ್ಯಾಡ ಎಂದು ಅವ್ವ ಅದನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಾಳೆ.