ಅಡ್ಮಿನ್‌ಗೆ ಕೇಸಿಲ್ಲ, ಕೆಲಸವಿದೆ

ಯಕ್ಷಗಾನ ಅಭಿಮಾನಿಗಳ ವಾಟ್ಸಾಪ್ ಗುಂಪುಗಳಲ್ಲಿ ಜಗಳ ಶುರುವಾಗುವುದು ಹೆಚ್ಚಾಗಿ ತುಣುಕು ವಿಡಿಯೋದಿಂದ. ತಾಳಮದ್ದಳೆಯ ಮೂರು ಗಂಟೆಯ ವಾದದಲ್ಲಿ 40 ಸೆಕೆಂಡು ಕತ್ತರಿಸಿ ಹಾಕಿದರೆ ಎಂಥ ಅರ್ಥಧಾರಿಯೂ ಅಹಂಕಾರಿಯಾಗಿ ಕಾಣುತ್ತಾರೆ. ಪೂರ್ವಾಪರ ಕೇಳದವರು ಬೈಯುತ್ತಾರೆ. ಮಾತು ಜಾತಿಗೆ, ಊರಿಗೆ ಜಾರುತ್ತದೆ.

ಅಡ್ಮಿನ್ ಆದರೆ ಜೈಲೇ ಗತಿ ಎಂಬ ಹೆದರಿಕೆ ನಮ್ಮಲ್ಲಿ ಹಲವರಿಗೆ ಇನ್ನೂ ಇದೆ. ಸದಸ್ಯರು ಬರೆದದ್ದಕ್ಕೆ, ಅಡ್ಮಿನ್ ಎಂಬ ಒಂದೇ ಕಾರಣದಿಂದ ಹೊಣೆ ಬಾರದೆಂದು ಬಾಂಬೆ ಹೈಕೋರ್ಟ್‌ನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. (ಸಂಚಿನಲ್ಲಿ ಪಾಲಿದ್ದರೆ ಬೇರೆ ಮಾತು.) ಸೊಲ್ಲಾಪುರದವರಿಗೂ ಕಾಸರಗೋಡಿನವರಿಗೂ ಸಮಾಧಾನವೇ. ಆದರೆ ಅವು ಅಡ್ಮಿನ್‌ಗೆ ಬೇರೆಯವರ ಸಂದೇಶ ಅಳಿಸುವ ಅಧಿಕಾರ ಇಲ್ಲದಿದ್ದಾಗಿನ ತೀರ್ಪುಗಳು. ಆಮೇಲೆ ಯಾರ ಸಂದೇಶವನ್ನಾದರೂ ಅಳಿಸುವ ಸೌಲಭ್ಯ ಬಂತು. ‘ನನ್ನ ಕೈಯಲ್ಲೇನಿದೆ?’ ಎಂಬ ನೆಪ ಈಗ ನಡೆಯದು.

ಪದ್ಯ ಶ್ರುತಿ ತಪ್ಪಿತು ಎಂದರೆ ಅದು ವಿಮರ್ಶೆ, ಇರಲಿ. ಭಾಗವತರ ಮನೆತನ ಎಳೆದು ತಂದರೆ ಅಳಿಸಿ, ಬರೆದವರಿಗೆ ಫೋನ್ ಮಾಡಿ ಹೇಳಿ. ಎಲ್ಲರೆದುರು ಗದರಿಸಿದರೆ ಅವರ ಪರ ನಾಲ್ವರು ಏಳುತ್ತಾರೆ. ಇಡೀ ಕೂಟದ ಕೊಂಡಿಯಿಲ್ಲದೆ ತುಣುಕು ಹಾಕುವಂತಿಲ್ಲ ಎಂಬ ನಿಯಮವನ್ನಂತೂ ಇಂದೇ ಮಾಡಬಹುದು.